ರಫ್ತು ನಿಷೇಧಕ್ಕೆ ಮುನ್ನ ನೈಜರ್‌ನ ಬರಿದಾದ ಕಣಜ ನೆನಪಿರಲಿ

ಮಾನ್ಯರೇ,

ಪಶ್ಚಿಮ ಆಫ್ರಿಕಾದ ನೈಜರ್‌ನ ಬೆಳೆ ಪರಿಸ್ಥಿತಿಯ ವರದಿಗಳು ಮಳೆಯ ಲೆಕ್ಕದಲ್ಲೇ ಮುಗಿಯುತ್ತಿದ್ದು, ಅಲ್ಲಿನ ಹಸಿವಿಗೆ ಅಷ್ಟೇ ಕಾರಣವಾಗುವ ಧಾನ್ಯದ ಬೆಲೆ ಚರ್ಚೆಗೇ ಬರುತ್ತಿಲ್ಲ.

ಅಲ್ಲಿ ಜೂನ್ ಮಳೆಗೆ ಬಿತ್ತಿದ ಸಜ್ಜೆ, ಜೋಳ, ಅಲಸಂದೆ ಕೈಸೇರುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಹೊಲವೆಲ್ಲ ಹಸಿರಾಗಿರುವ ಜುಲೈ, ಆಗಸ್ಟ್‌ನಲ್ಲೇ ಮನೆಯ ಕಣಜ ಬರಿದಾಗಿರುತ್ತದೆ. ಸುಗ್ಗಿಯಲ್ಲಿ ಸಾಲ ತೀರಿಸಲು ಅಗ್ಗಕ್ಕೆ ಮಾರಿದ ಸಜ್ಜೆಯನ್ನೇ ಸಣ್ಣ ರೈತ ಆಗ ದುಬಾರಿ ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ (ಕೊಪ್ಪಳ, ಕಲಬುರಗಿಯ ಒಣಬೇಸಾಯಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ಇಂಥದ್ದೇ ಕಾಲದಲ್ಲಿ, 2023ರ ಜುಲೈ 20ರಂದು, ಭಾರತವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅದೇ ತಿಂಗಳ 26ರಂದು ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ (ಎಕೊವಾಸ್) ದಿಗ್ಬಂಧನ ಹೇರಿ, ಬೆನಿನ್ ಮತ್ತು ನೈಜೀರಿಯಾದ ಗಡಿಗಳು ಮುಚ್ಚಿದವು. ಕಡಲತೀರವಿಲ್ಲದ ಆ ದೇಶಕ್ಕೆ ಬೆನಿನ್‌ನ ಕೊಟೊನು ಬಂದರಿನಿಂದ ಲಾರಿಗಳಲ್ಲಿ ಸಾಗುತ್ತಿದ್ದ ಅಕ್ಕಿ ಮೊದಲಾದ ಆಮದು ಸರಕಿಗೆ ಹಠಾತ್ತನೆ ತಡೆಬಿತ್ತು.

ನಮ್ಮ ಮಾರುಕಟ್ಟೆಯ ಬೆಲೆ ಹತೋಟಿಗೆ ತರುವುದು ಸರ್ಕಾರದ ಕರ್ತವ್ಯವೇ, ಅದರಲ್ಲಿ ತಕರಾರಿಲ್ಲ. ಕೋರಿಕೆ ಸಲ್ಲಿಸಿದ ದೇಶಗಳಿಗೆ ವಿಶೇಷ ಅನುಮತಿ ನೀಡುವ ಅವಕಾಶವೂ ಆ ಆದೇಶದಲ್ಲಿತ್ತು. ಆದರೆ ಕೋರಿಕೆ, ಪರಿಶೀಲನೆ, ಅನುಮತಿ ಎಂಬ ಕಡತದ ದಾರಿ ಹಸಿವಿನ ತಿಂಗಳುಗಳಿಗೆ ಹೊಂದುವಂಥದ್ದಲ್ಲ. ಇನ್ನು ಮುಂದೆ ಇಂಥ ನಿರ್ಬಂಧ ಅನಿವಾರ್ಯವಾದಲ್ಲಿ, ನೈಜರ್‌ನಂತಹ ಕೊರತೆಯ ದೇಶಗಳಿಗೆ ನಿಗದಿತ ಪ್ರಮಾಣದ ಅಕ್ಕಿಯನ್ನು ಅದೇ ಆದೇಶದಲ್ಲಿ ಮೀಸಲಿಟ್ಟು, ಅದು ಜೂನ್‌ಗೆ ಮೊದಲೇ ತಲುಪುವಂತೆ ಕೇಂದ್ರ ಸರ್ಕಾರ ವ್ಯವಸ್ಥೆ ಮಾಡಬೇಕು.

– ಓರ್ವ ಓದುಗ, ರಾಯಚೂರು