ಹಸಿರು ಬಕೆಟ್ಟಿನ ಕಥೆಗೊಂದು ತಿದ್ದುಪಡಿ

ಪ್ರೀತಿಯ ಗೆಳೆಯಾ,

ಇದನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ಆದರೆ ಹಸಿರು ಬಕೆಟ್ಟಿನ ಕಥೆಯನ್ನು ಸದಾ ನಾಲ್ಕು ಜನರ ನಡುವೆಯೇ ಹೇಳುತ್ತ ಬಂದವನು ನಾನಾದ್ದರಿಂದ, ಅದರ ತಿದ್ದುಪಡಿಯೂ ನಾಲ್ಕು ಜನರ ಎದುರೇ ಆಗಲಿ. ನಮ್ಮ 'ಉಪಕುಲಪತಿ'ಗಳು ಮನ್ನಿಸಬೇಕು.

ಮೊನ್ನೆ ನನ್ನ ತಮ್ಮ ಹಾಸ್ಟೆಲಿಗೆ ಹೊರಡುವ ಹಿಂದಿನ ರಾತ್ರಿ, ಹಿರಿಯಣ್ಣನ ಗತ್ತಿನಲ್ಲಿ ಅದೇ ಕಥೆ ತೆಗೆದೆ: ಪರೀಕ್ಷೆ ಮುಗಿದ ಸಂಜೆ, ಲೋಟ ಮೊದಲು ಖಾಲಿ ಮಾಡುವ ಪಂತ, ಮೇಜು ಹತ್ತಿ 'ಉಪಕುಲಪತಿ'ಯಂತೆ ನೀನು ಮಾಡಿದ ಭಾಷಣ, ಬಳಿಕ ನೀನು ದಿಮ್ಮಿಯಂತೆ ಬಿದ್ದದ್ದು, ಹಸಿರು ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ನಾನು ಬೆಳಗಿನವರೆಗೆ ಕಾವಲು ಕೂತದ್ದು. ಅವನು ನಗಲಿಲ್ಲ. "ಅವರನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿದ್ದೆಯಾ ಅಣ್ಣಾ?" ಎಂದಷ್ಟೇ ಕೇಳಿದ.

ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿ ಉಳಿದ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಉಸಿರು ನಿಧಾನವಾಗುತ್ತದೆ, ಅಂಗಾತ ಮಲಗಿದವನಿಗೆ ವಾಂತಿಯಾದರೆ ಅದನ್ನು ಗಂಟಲಿನಿಂದ ಹೊರದಬ್ಬುವ ಶಕ್ತಿಯೂ ಉಳಿದಿರುವುದಿಲ್ಲ. 'ಮಲಗಿ ಎದ್ದರೆ ಸರಿಹೋಗುತ್ತಾನೆ' ಎಂಬುದೇ ನಮ್ಮ ವೈದ್ಯಶಾಸ್ತ್ರವಾಗಿತ್ತಲ್ಲ! ಸುಮಾರು 2 ಗಂಟೆಗಳಲ್ಲಿ ಗಂಡಸು 5, ಹೆಂಗಸು 4 ಅಥವಾ ಹೆಚ್ಚು ಪ್ರಮಾಣಗಳನ್ನು (ಒಂದು ಪ್ರಮಾಣವೆಂದರೆ ಸುಮಾರು ಒಂದು ಸಣ್ಣ ಬಿಯರ್ ಕ್ಯಾನಿನಲ್ಲಿರುವಷ್ಟು ಮದ್ಯ) ಮುಗಿಸಿದರೆ ಅದು ಮಿತಿಮೀರಿದ ಕುಡಿತವೆಂದು ಅಮೆರಿಕದ ಸರ್ಕಾರಿ ತಜ್ಞರು ಲೆಕ್ಕ ಹಾಕುತ್ತಾರೆ. ನಾವು ಅದನ್ನು ಪೀಠಿಕೆ ಎನ್ನುತ್ತಿದ್ದೆವು.

ಇನ್ನು ತಿದ್ದುಪಡಿ. ನಾನು ಕಾವಲು ಕೂತಿರಲಿಲ್ಲ. ನಿನ್ನ ಭಾಷಣದ ನಡುವಿನಿಂದಾಚೆಗೆ ನನಗೆ ಏನೊಂದೂ ನೆನಪಿಲ್ಲ. ಮದ್ಯದ ಮಟ್ಟ ರಕ್ತದಲ್ಲಿ ಒಮ್ಮೆಲೇ ಏರಿದಾಗ ಮಿದುಳಿನ ಹಿಪೊಕ್ಯಾಂಪಸ್ ಹೊಸ ನೆನಪುಗಳನ್ನು ದಾಖಲಿಸುವುದನ್ನೇ ನಿಲ್ಲಿಸುತ್ತದಂತೆ. ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಮರುದಿನ ಹುಡುಕಿದರೆ ಅಲ್ಲಿ ಏನೂ ಇರುವುದಿಲ್ಲ. ನಾನು ಎದ್ದದ್ದು ನನ್ನ ಕೋಣೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು. ನಿನ್ನ ಬಾಗಿಲವರೆಗೆ ಬಂದವನು ತಟ್ಟಲು ಧೈರ್ಯ ಸಾಲದೆ ಎಷ್ಟೋ ಹೊತ್ತು ನಿಂತಿದ್ದೆ. ಒಳಗಿಂದ ನಿನ್ನ ಗೊರಕೆ ಕೇಳಿಸಿತು. ಕಾವಲಿನ ಕಥೆಯನ್ನು ಕಟ್ಟಿದ್ದು ಆಮೇಲೆ.

ಮೂರನೆಯ ಸುತ್ತಿನಲ್ಲೇ ನನಗೆ ಸಾಕಾಗಿತ್ತೆಂಬುದನ್ನೂ ಹೇಳಿಬಿಡುತ್ತೇನೆ. ಉಳಿದವರೆಲ್ಲ ಉತ್ಸಾಹದಲ್ಲಿದ್ದಾರೆ, ಪುಕ್ಕಲ ನಾನೊಬ್ಬನೇ ಎಂದುಕೊಂಡು ಸುಮ್ಮನಿದ್ದೆ. 1993ರಲ್ಲಿ ಪ್ರಿನ್ಸ್‌ಟನ್ನಿನ ಮನೋವಿಜ್ಞಾನಿಗಳಾದ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ತಮ್ಮ ವಿದ್ಯಾರ್ಥಿಗಳಲ್ಲಿ ಕಂಡದ್ದೂ ಇದನ್ನೇ: ಕುಡಿತದ ಬಗ್ಗೆ ತನಗಿರುವ ಅಳುಕು ಉಳಿದವರಿಗೆ ಅಷ್ಟಿಲ್ಲವೆಂದೇ ವಿದ್ಯಾರ್ಥಿಗಳು ನಂಬಿದ್ದರು. ನಿನಗೂ ಆ ಹೊತ್ತಿಗೆ ಸಾಕಾಗಿತ್ತೇ? ನಾನು ಇದುವರೆಗೂ ಕೇಳಿಲ್ಲ.

ಬರೆಯಬೇಕೆಂದುಕೊಂಡದ್ದಕ್ಕಿಂತ ಹೆಚ್ಚೇ ಬರೆದೆ. ಕೈಯಲ್ಲಿ ಲೋಟವಿಲ್ಲ, ಚಹಾ ಕೂಡ ಆರಿದೆ. ಆ ಕಾವಲಿನ ಋಣ ತೀರಿಸಲೆಂದು ನೀನು ನನಗೆ ಮೂರು ಅಸೈನ್‌ಮೆಂಟ್ ಬರೆದುಕೊಟ್ಟಿದ್ದೆ. ಅವನ್ನು ಹಿಂದಿರುಗಿಸಲಾರೆ, ಆದರೆ ಮೂರರಲ್ಲೂ ನನಗೆ ಬಂದ ಅಂಕಗಳನ್ನು ನೆನೆದರೆ, ನೀನೂ ನಿಜಕ್ಕೂ ಕಾವಲು ಕೂತಿರಲಿಲ್ಲವೆಂದೇ ತೋರುತ್ತದೆ.

ನಿನ್ನ,
ಮೂರನೇ ಮೆಟ್ಟಿಲಿನವನು