ಕುದುರೆಗೆ ಕೊಳೆ ಕಂಬಳಿ ಹೊದಿಸಬೇಡಿ

ಮಾನ್ಯರೇ,

ಕುದುರೆಯ ಮೇವು, ಲಾಳ, ಜೀನಿನ ಬಗ್ಗೆ ವಿಚಾರಿಸುವವರು ಎಷ್ಟೋ ಜನ. ರಾತ್ರಿಯಿಡೀ ಅದರ ಮೈಮೇಲಿರುವ ಕಂಬಳಿಯ ಗತಿ ಏನೆಂದು ಯಾರೂ ಕೇಳುವುದಿಲ್ಲ. ಲಾಯದಲ್ಲಿ ಕುದುರೆಗಳ ಆರೈಕೆ ಮಾಡುವವನು ನಾನು. ಚಳಿ ಮುಗಿದ ಕೂಡಲೇ ಕಂಬಳಿಗಳನ್ನು ಕೊಳೆ ಸಮೇತ ಮಡಚಿ ಮೂಲೆಗೆ ಒತ್ತರಿಸುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಅಂಥ ಕಂಬಳಿಯ ಒಳಮೈಯಲ್ಲಿ, ಹೆಗಲು ಬರುವ ಜಾಗದಲ್ಲಿ ಅಂಗೈ ಆಡಿಸಿ ನೋಡಿ. ಬೆವರಿನ ಉಪ್ಪು, ಮೈಜಿಡ್ಡು, ಉದುರಿದ ಕೂದಲು ಎಲ್ಲ ಸೇರಿ ಹಕ್ಕಳೆಗಟ್ಟಿರುತ್ತದೆ. ಮುಂದಿನ ಚಳಿಗೆ ಅದನ್ನೇ ಹೊದಿಸಿದರೆ ಹೆಗಲಿನ ಕೂದಲು ಸವೆದು ಚರ್ಮ ಕೆಂಪಾಗುತ್ತದೆ. ಒಂದರ ಕಂಬಳಿಯನ್ನು ಇನ್ನೊಂದಕ್ಕೆ ಹಾಕುವುದಂತೂ ಹುಳುಕಡ್ಡಿಯನ್ನು ಕರೆದು ಕೂರಿಸಿದಂತೆ. ಈ ಚರ್ಮರೋಗ ತರುವ ಶಿಲೀಂಧ್ರದ ಬೀಜಕಣಗಳು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಆರೈಕೆ ಮಾಡುವ ನಮಗೂ ಅಂಟುತ್ತವೆ. ರೋಗ ಬಂದ ಕುದುರೆಯ ಕಂಬಳಿಯನ್ನು ಬೇರೆಯಾಗಿಟ್ಟು, ಪಶುವೈದ್ಯರು ಹೇಳಿದ ಔಷಧಿಯಲ್ಲೇ ನೆನೆಸಿ ತೊಳೆಯಬೇಕು.

ತೊಳೆಯುವ ಭರದಲ್ಲಿ ಕೆಡಿಸುವುದೂ ಉಂಟು. ಜಲನಿರೋಧಕ ಕಂಬಳಿಗೆ ಬಿಸಿನೀರು, ಬ್ಲೀಚ್, ಬಟ್ಟೆ ಮೃದುವಾಗಿಸುವ ದ್ರವ ತಾಗಿದರೆ ಅದರ ಲೇಪನ ಹಾಳಾಗುತ್ತದೆ. ಮಳೆಯಲ್ಲಿ ತೊಯ್ದು ತಣ್ಣಗೆ ಮೈಗಂಟುವ ಕಂಬಳಿಗಿಂತ ಬರಿಮೈಯೇ ವಾಸಿ. ಮೊದಲು ಒಣಮಣ್ಣು, ಕೂದಲನ್ನು ಬಿರುಸು ಬ್ರಷ್‌ನಿಂದ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ವಾಷಿಂಗ್ ಮಷಿನ್ನಿನ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬಕಲ್‌ಗಳನ್ನು ಹಾಕಿ, 30 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ, ಸೌಮ್ಯವಾದ ಸೋಪಿನಿಂದ ತೊಳೆದು ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಉಣ್ಣೆಯದನ್ನು ಹಿಂಡಿ ಉಜ್ಜಿದರೆ ಜಡ್ಡುಗಟ್ಟಿ ಕುಗ್ಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಹಸಿ ಒಂದಿಷ್ಟೂ ಇಲ್ಲವೆಂದು ಖಾತರಿಯಾದ ಮೇಲೆಯೇ ಇಲಿ ನುಗ್ಗದ ಪೆಟ್ಟಿಗೆಯಲ್ಲಿಡಬೇಕು.

ಇಡುವ ಮುನ್ನ ಹೊಲಿಗೆ, ಪಟ್ಟಿಗಳನ್ನು ನೋಡಲೇಬೇಕು. ಸಡಿಲಗೊಂಡು ಜೋಲುವ ಹೊಟ್ಟೆಪಟ್ಟಿಗೆ ಕಾಲು ಸಿಕ್ಕಿಕೊಂಡರೆ ಕುದುರೆ ಬೆದರಿ ಒದೆಯುತ್ತದೆ, ಕಾಲು ಮುರಿದುಕೊಳ್ಳುವ ಅಪಾಯವೂ ಇದೆ. ಚರ್ಮದ ಪಟ್ಟಿಗೆ ಎಣ್ಣೆ ಕಾಣಿಸದೆ ಬಿಟ್ಟರೆ ಬಿರಿಯುತ್ತದೆ.

ಇದೆಲ್ಲ ಲಾಯದ ಕೆಲಸಗಾರರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ನೀರು, ಜಾಗ, ಸಮಯ ಕೊಡದೆ ‘ಕಂಬಳಿ ಏಕೆ ನಾರುತ್ತಿದೆ’ ಎಂದು ಗದರಿದರೆ ಅವರೇನು ಮಾಡಬೇಕು? ಪ್ರತಿ ಕುದುರೆಗೂ ಹೆಸರು ಬರೆದ ಕಂಬಳಿ, ಒದ್ದೆಯಾದಾಗ ಬದಲಿಸಲು ಇನ್ನೊಂದು, ಸೂರಿನಡಿ ಒಣಹಾಕಲು ಗಟ್ಟಿಯಾದ ಗಳ, ತೊಳೆಯುವುದಕ್ಕೆಂದೇ ಬಿಡುವು ಮಾಡಿಕೊಟ್ಟ ಕೆಲವು ದಿನ: ಲಾಯಗಳ ಮಾಲೀಕರು ಈ ಬಾರಿ ಚಳಿ ಮುಗಿಯುವುದರೊಳಗೆ ಇಷ್ಟನ್ನು ಒದಗಿಸಲಿ.

— ಲಾಯದ ಕೆಲಸಗಾರ