ನಮ್ಮ ಟ್ರಾಕ್ಷನ್ ರೋಡಿಗಿಳೀತು, ಎಲ್ರಿಗೂ ಥ್ಯಾಂಕ್ಸ್

ಕಳೆದ ಭಾನುವಾರ ನಮ್ಮ 1938ರ ಹಳೇ ಫ್ರೆಂಚ್ ಕಾರು, ಸಿಟ್ರೊಯೆನ್ ಟ್ರಾಕ್ಷನ್ ಅವಾಂ, ಫ್ರಾನ್ಸಿನ ಲಿಯಾನ್‌ನಿಂದ ಸೋನ್ ನದಿ ಪಕ್ಕದ ರಸ್ತೆ ಹಿಡಿದು ರೊಶ್‌ತಾಯೆ ಅನ್ನೋ ಊರಿನ ತನಕ ಹೋಗಿ ಎಲ್ಲೂ ಕೈಕೊಡದೆ ವಾಪಸ್ ಬಂತು. ವರ್ಷಗಟ್ಲೆ ಗ್ಯಾರೇಜಲ್ಲಿ ಬಿಚ್ಚಿ ಹರವಿದ್ದ ಗಾಡಿ ಅದು. ಒಬ್ಬನ ಕೈಲಿ ಆಗೋ ಕೆಲಸಾನೇ ಅಲ್ಲ, ಅದಕ್ಕೇ ಈ ಬರಹ.

ಮೊದಲು ನಮ್ಮ ಬೀದಿಯ ರಿಟೈರ್ಡ್ ಮೆಕ್ಯಾನಿಕ್ ಅಜ್ಜನಿಗೆ. ಈ ಗಾಡೀಲಿ ಗೇರ್‌ಬಾಕ್ಸ್ ಎಂಜಿನ್ನಿನ ಮುಂದೆ ಇರತ್ತೆ, ಗೇರ್ ಲಿವರ್ ಡ್ಯಾಶ್‌ಬೋರ್ಡಿಂದ ಹೊರಗೆ ಬಂದಿರತ್ತೆ, ಕ್ಲಚ್ ಮುಟ್ಬೇಕಂದ್ರೆ ಮುಂದಿಂದ ಎಲ್ಲಾ ಬಿಚ್ತಾ ಹೋಗ್ಬೇಕು, ಅದನ್ನೆಲ್ಲ ಅವರು ಪಕ್ಕದಲ್ಲಿ ಕೂತು ನನ್ನ ಕೈಲೇ ಮಾಡ್ಸಿದ್ರು, ಒಂದು ಯೂರೋನೂ ಮುಟ್ಟಲಿಲ್ಲ. ಚಕ್ರಕ್ಕೆ ಪವರ್ ಮುಟ್ಟಿಸೋ ಡ್ರೈವ್‌ಶಾಫ್ಟ್ ಹುಡುಕಿಕೊಟ್ಟ ಕ್ಲಬ್ಬಿನ ಗೆಳೆಯರಿಗೆ ಥ್ಯಾಂಕ್ಸ್. ಚಳೀಲಿ ಟಾರ್ಚ್ ಹಿಡ್ಕೊಂಡು ನಿಂತ ನನ್ನ ಹೆಂಡತಿಗೆ, ಹಾಸನದಿಂದ ಫೋನ್ ಮಾಡಿದಾಗೆಲ್ಲ "ಗಾಡಿ ಎದ್ದಿತೇನೋ ಮಗಾ" ಅಂತ ಕೇಳ್ತಿದ್ದ ಅಮ್ಮನಿಗೆ ಏನು ಹೇಳಿದ್ರೂ ಕಮ್ಮಿನೇ.

ಇನ್ನು ಇದನ್ನ ಕಟ್ಟಿದವರಿಗೂ ಹೇಳ್ಬೇಕು, ಅವರ್ಯಾರೂ ಈಗಿಲ್ಲ, ಆದ್ರೂ. 1934ರಲ್ಲಿ ಈ ಕಾರು ಬಂದಾಗ ಬಹುಪಾಲು ಗಾಡಿಗಳು ಬೇರೆ ಚಾಸಿ (ಅಡಿಯ ಚೌಕಟ್ಟು) ಮೇಲೆ ಬಾಡಿ ಕೂರಿಸಿದವು, ಓಡ್ತಿದ್ದಿದ್ದು ಹಿಂದಿನ ಚಕ್ರದ ಬಲದಲ್ಲಿ. ಇದಕ್ಕೆ ಚಾಸಿನೇ ಇಲ್ಲ, ಬಾಡಿನೇ ಎಲ್ಲಾ ಭಾರ ಹೊರತ್ತೆ, ಮುಂದಿನ ಚಕ್ರಕ್ಕೆ ಪವರ್, ಸ್ಪ್ರಿಂಗ್ ಬದಲು ತಿರುಚಿಕೊಳ್ಳೋ ಉಕ್ಕಿನ ಸರಳಿನ ಟಾರ್ಷನ್ ಬಾರ್ ಸಸ್ಪೆನ್ಷನ್, ಹೈಡ್ರಾಲಿಕ್ ಬ್ರೇಕು, ಎಲ್ಲಾ ಒಂದೇ ಸಲ, ಅದೂ ಸಾವಿರಗಟ್ಲೆ ಮಾಡಿ ಮಾರೋ ಕಾರಲ್ಲಿ! ಎಂಜಿನಿಯರ್ ಆಂದ್ರೆ ಲೆಫೆವ್ರ್ 1933ರಲ್ಲಿ ಕಂಪನಿಗೆ ಸೇರಿದ್ದು, ಮರುವರ್ಷ ಕಾರು ಜನರ ಮುಂದೆ. ಆ ಬಾಡಿ ಗೆರೆ ಇಟಲಿಯ ಶಿಲ್ಪಿ ಫ್ಲಾಮಿನಿಯೊ ಬೆರ್ತೋನಿದು. ಪಾಲಿಶ್ ಮಾಡುವಾಗ ಮಡ್‌ಗಾರ್ಡ್ ಮೇಲೆ ಅಂಗೈ ಆಡಿಸಿದ್ರೆ ಶಿಲ್ಪಿ ಕೆಲಸ ಅಂತ ತಾನಾಗೇ ಗೊತ್ತಾಗತ್ತೆ. ಫುಟ್‌ಬೋರ್ಡ್ ಇಲ್ಲ, ಅಷ್ಟು ತಗ್ಗು, ಸೀದಾ ಒಳಗೆ ಹೆಜ್ಜೆ ಇಟ್ಟು ಕೂರಬಹುದು.

ಅವಸರದ ಬೆಲೆನೂ ದೊಡ್ಡದೇ. ಹಾಕ್ಬೇಕಂತಿದ್ದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊನೇ ಗಳಿಗೇಲಿ ಕೈಬಿಟ್ಟು ಮೂರು ಗೇರಿನ ಮ್ಯಾನ್ಯುಯಲ್ ಕೂರಿಸಿದ್ರು. ಪ್ಯಾರಿಸ್ಸಿನ ಜಾವೆಲ್ ಫ್ಯಾಕ್ಟರಿನೂ ಅದೇ ಹೊತ್ತಲ್ಲಿ ಕೆಡವಿ ಹೊಸದಾಗಿ ಕಟ್ಟಿದ್ರು, ಸಾಲ ಕುತ್ತಿಗೆಗೆ ಬಂತು, 1934ರ ಡಿಸೆಂಬರಲ್ಲಿ ಕಂಪನಿ ದಿವಾಳಿ, ದೊಡ್ಡ ಸಾಲ ಕೊಟ್ಟಿದ್ದ ಟೈರಿನ ಮಿಶೆಲಿನ್‌ನವರು ವಹಿಸ್ಕೊಂಡ್ರು. ಕಂಪನಿ ಕಟ್ಟಿದ ಆಂದ್ರೆ ಸಿಟ್ರೊಯೆನ್ 1935ರ ಜುಲೈಲಿ ತೀರಿಕೊಂಡ್ರು. ಅವರ ಕಾರು ಮಾತ್ರ 1957ರವರೆಗೆ ತಯಾರಾಗ್ತಾನೇ ಇತ್ತು, 7.5 ಲಕ್ಷಕ್ಕೂ ಹೆಚ್ಚು. ಅದನ್ನ ಅವರು ನೋಡ್ಲಿಲ್ವಲ್ಲ ಅಂತ ನನಗೆ ಈಗ್ಲೂ ಹೊಟ್ಟೆ ಉರಿಯತ್ತೆ.

ರೊಶ್‌ತಾಯೆಗೇ ಯಾಕೆ ಹೋದ್ವಿ ಅಂದ್ರೆ ಫ್ರಾಂಸ್ವಾ ಲೆಕೋ ಅಲ್ಲಿಯವರು, ಹೋಟೆಲ್ ಇಟ್ಟುಕೊಂಡಿದ್ದವರು. 1935ರ ಜುಲೈಯಿಂದ ಒಂದು ವರ್ಷ, ಒಂದು ದಿನ ಪ್ಯಾರಿಸ್ಸಿಗೆ ಹೋಗಿ ವಾಪಸ್, ಮಾರನೇ ದಿನ ಮಾಂಟೆ ಕಾರ್ಲೋಗೆ ಹೋಗಿ ವಾಪಸ್, ಹೀಗೇ ಟ್ರಾಕ್ಷನ್ ಓಡಿಸಿ 4 ಲಕ್ಷ ಕಿ.ಮೀ. ಮುಗಿಸಿದ್ರು. ಈ ಕಾರನ್ನ ಜನ ನಂಬಬಹುದು ಅಂತ ತೋರಿಸಿಕೊಟ್ಟ ಮನುಷ್ಯ, ಅವರ ಊರಿಗೆ ಗಾಡಿ ಕರ್ಕೊಂಡು ಹೋಗಿ ನಮಸ್ಕಾರ ಹಾಕಿ ಬಂದ್ವಿ.

ಮುಂದಿನ ಬೇಸಿಗೇಲಿ ಅಮ್ಮ ಬರ್ತಾರೆ, ಮುಂದಿನ ಸೀಟು ಅವರಿಗೇ. ಲಿಯಾನ್ ಕಡೆ ಬರೋ ಕನ್ನಡದವರು ಯಾರಾದ್ರೂ ಇದ್ರೆ ಮೊದಲೇ ಹೇಳಿ, ಹಿಂದೆ ಮೂರು ಜನಕ್ಕೆ ಆರಾಮಾಗಿ ಜಾಗ ಇದೆ.